641ರ ಬೆನ್ನು ಹತ್ತಿದಾಗ

2ರ 32ನೇ ಘಾತಕ್ಕೆ 1 ಕೂಡಿಸಿದರೆ 4294967297. ಇದು ಅವಿಭಾಜ್ಯ ಎಂದು 17ನೇ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾ ನಂಬಿದ್ದ. 2ರ 1, 2, 4, 8, 16ನೇ ಘಾತಗಳಿಗೆ 1 ಕೂಡಿಸಿದಾಗ ಸಿಗುವ ಇದೇ ಸಾಲಿನ 3, 5, 17, 257, 65537 ಎಲ್ಲವೂ ಅವಿಭಾಜ್ಯವೇ, ಹಾಗಾಗಿ ಯಾರಿಗಾದರೂ ಹಾಗೆ ಅನಿಸುತ್ತದೆ ಅಲ್ವಾ? ಆದರೆ ಇದನ್ನು 641 ಭಾಗಿಸುತ್ತದೆ ಎಂದು 1732ರಲ್ಲಿ ಗಣಿತಜ್ಞ ಆಯ್ಲರ್ ತೋರಿಸಿದ.

641ಕ್ಕಿಂತ ಚಿಕ್ಕ ಅವಿಭಾಜ್ಯಗಳೇ 115 ಇವೆ. ಅಷ್ಟನ್ನೂ ಒಂದೊಂದಾಗಿ ಹಾಕಿ ನೋಡಬೇಕಾ? ಕಾಗದ, ಪೆನ್ನು ಹಿಡಿದು ಕೂತೆ.

ಮೊದಲು ನೇರವಾಗಿ ಭಾಗಿಸಿದೆ. ಕಳೆಯುವಾಗ ಎಲ್ಲೋ ತಪ್ಪಿ ಶೇಷ ಉಳಿಯಿತು. ಹತ್ತಂಕಿಯ ಸಂಖ್ಯೆಯ ಜೊತೆ ಗುದ್ದಾಡುವುದು ಬಿಟ್ಟು ಬರೀ ಶೇಷಗಳನ್ನು ಹಿಡಿದುಕೊಂಡೆ. ಒಂದು ಅವಿಭಾಜ್ಯ ಈ ಸಂಖ್ಯೆಯನ್ನು ಭಾಗಿಸಬೇಕಾದರೆ, ಅದರ ಲೆಕ್ಕದಲ್ಲಿ (ಅಂದರೆ ಅದರಿಂದ ಭಾಗಿಸಿದಾಗಿನ ಶೇಷವನ್ನಷ್ಟೇ ನೋಡಿದರೆ) 2ರ 32ನೇ ಘಾತ −1ಕ್ಕೆ ಸಮ ಆಗಬೇಕು. ಅದನ್ನು ವರ್ಗ ಮಾಡಿದರೆ 64ನೇ ಘಾತ 1. ಅಂದರೆ 2ನ್ನು ಗುಣಿಸುತ್ತಾ ಹೋದರೆ ಸರಿಯಾಗಿ 64 ಹೆಜ್ಜೆಗೆ ಮತ್ತೆ 1ಕ್ಕೆ ಬರುತ್ತೇವೆ, ಅದಕ್ಕೂ ಮೊದಲು ಬರುವುದಿಲ್ಲ; ಬಂದಿದ್ದರೆ 32ನೇ ಹೆಜ್ಜೆಗೂ −1ರ ಬದಲು 1 ಬರಬೇಕಿತ್ತು. ಇನ್ನು ಫರ್ಮಾನ ಕಿರು ಪ್ರಮೇಯದ ಪ್ರಕಾರ, ಆ ಅವಿಭಾಜ್ಯಕ್ಕಿಂತ ಒಂದು ಕಡಿಮೆ ಹೆಜ್ಜೆಗೂ 1 ಬರಲೇಬೇಕು. ಹಾಗಾದರೆ ಅವಿಭಾಜ್ಯದಿಂದ 1 ಕಳೆದರೆ 64ರಿಂದ ಶೇಷವಿಲ್ಲದೆ ಭಾಗವಾಗುವ ಸಂಖ್ಯೆ ಸಿಗಬೇಕು. ಫರ್ಮಾನ ಊಹೆಯನ್ನು ಮುರಿಯಲು ಫರ್ಮಾನದೇ ಪ್ರಮೇಯ ಸಾಕಾಯಿತು! ಇದು ಹೊಳೆದಾಗ ನನಗೆ ಮೈ ಜುಮ್ಮೆಂದಿತು.

115 ಇದ್ದ ಪಟ್ಟಿ ಈಗ ಎಷ್ಟು ಸಣ್ಣದು ನೋಡಿ: 193, 257, 449, 577. ಆಮೇಲೆ 641. ಫರ್ಮಾನ 3, 5, 17, 257ರ ಸಾಲಿನ ಸಂಖ್ಯೆಗಳಿಗೆ ಒಂದಕ್ಕೊಂದು ಸಾಮಾನ್ಯ ಅಪವರ್ತನ ಇರುವುದಿಲ್ಲ, ಹಾಗಾಗಿ 257 ಬಿಟ್ಟೆ. ಉಳಿದ ಮೂರರಿಂದ 4294967297ನ್ನು ಭಾಗಿಸಿದರೆ ಶೇಷ 109, 325, 288 ಬಂತು. 641ರ ಸರದಿ. 2ರ 16ನೇ ಘಾತ 65536, ಅದರ ಶೇಷ 154. 154ರ ವರ್ಗ 23716. 641ನ್ನು 37ರಿಂದ ಗುಣಿಸಿದರೆ 23717. ಒಂದೇ ಒಂದು ಕಡಿಮೆ! ಅಂದರೆ −1. ಆಯಿತು.

ಆದರೂ ನನಗೆ ಜಾಸ್ತಿ ಇಷ್ಟವಾದದ್ದು ಆಮೇಲೆ ಕಂಡ ದಾರಿ. 641 ಅಂದರೆ 5 × 128 + 1. ಅದೇ 641 ಅಂದರೆ 625 + 16 ಕೂಡ, ಅಂದರೆ 5ರ 4ನೇ ಘಾತ ಮತ್ತು 2ರ 4ನೇ ಘಾತದ ಮೊತ್ತ. ಮೊದಲನೆಯದರಿಂದ, 641ರ ಲೆಕ್ಕದಲ್ಲಿ 5 × 128 ಎಂಬುದು −1. ಅದನ್ನು 4ನೇ ಘಾತಕ್ಕೆ ಏರಿಸಿದರೆ 625 × 2ರ 28ನೇ ಘಾತ 1 ಆಗುತ್ತದೆ. ಎರಡನೆಯದರಿಂದ 625 ಅಂದರೆ −16. ಅದನ್ನು ಇಲ್ಲಿ ಹಾಕಿದರೆ 2ರ 32ನೇ ಘಾತ −1. ಭಾಗಾಕಾರವೇ ಬೇಕಿಲ್ಲ.

ಭಾಗಿಸಿದಾಗ ಬರುವ ಇನ್ನೊಂದು ಅಪವರ್ತನ 6700417. ಅದೂ ಅವಿಭಾಜ್ಯವೇ. ಸುಮ್ನೆ ಅದರಿಂದ 1 ಕಳೆದು 64ರಿಂದ ಭಾಗಿಸಿ ನೋಡಿದೆ. 104694, ಶೇಷ ಸೊನ್ನೆ.