ಬೇಲಿ ಹಾರದೆ ಬೇಲಿಯಾಚೆಯ ಫೋಟೋ

ವ್ಯೂ ಪಾಯಿಂಟ್‌ನಲ್ಲಿ ತಂತಿಬೇಲಿ ಅಡ್ಡ ಬಂದರೆ ಹಾರಿ ಆಚೆ ಹೋಗಬೇಕಿಲ್ಲ: ಲೆನ್ಸನ್ನು ಜಾಲರಿಗೆ ತಾಗುವಷ್ಟು ಹತ್ತಿರ ಹಿಡಿದು, ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ರಂಧ್ರವನ್ನು ಎಫ್/4 ಅಥವಾ ಇನ್ನೂ ಅಗಲಕ್ಕಿಟ್ಟು (ಸಂಖ್ಯೆ ಚಿಕ್ಕದಾದಷ್ಟೂ ರಂಧ್ರ ಅಗಲ), ದೂರದ ಬೆಟ್ಟಕ್ಕೆ ಫೋಕಸ್ ಮಾಡಿ. (ಲ್ಯಾಂಡ್‌ಸ್ಕೇಪ್‌ಗೆ ಎಫ್/11 ಅನ್ನೋ ನಿಯಮ ಇಲ್ಲಿ ಮುರಿದರೆ ಯಾರೂ ದಂಡ ಹಾಕಲ್ಲ.) ಲೆನ್ಸಿಗೆ ಅಂಟಿದಂತಿರುವ ತಂತಿ ಫೋಕಸ್‌ನಿಂದ ಪೂರ್ತಿ ಹೊರಗುಳಿದು, ಮಸುಕಾಗಿ ಹರಡಿ ಕಾಣದಂತಾಗುತ್ತದೆ. ಜೂಮ್ ಜಾಸ್ತಿಯಿದ್ದಷ್ಟೂ ಸಲೀಸು. ಆಟೋಫೋಕಸ್ ತಂತಿಯನ್ನೇ ಹಿಡಿದು ಒದ್ದಾಡಿದರೆ ಮ್ಯಾನುಯಲ್‌ಗೆ ಹಾಕಿ. ವೈಡ್ ಆ್ಯಂಗಲ್‌ನಲ್ಲಿ ಇದು ಅಷ್ಟಾಗಿ ನಡೆಯಲ್ಲ. ತಂತಿ ಮೇಲೆ ನೇರ ಬಿಸಿಲು ಬಿದ್ದಿದ್ದರೂ ಚಿತ್ರಕ್ಕೆ ಬೆಳ್ಳನೆಯ ಪೊರೆ ಕವಿಯುತ್ತದೆ, ಆಗ ಅಂಗೈ ಅಡ್ಡ ಹಿಡಿದು ನೆರಳು ಮಾಡಿ. ಮೊಬೈಲ್‌ಗೆ ಇದ್ಯಾವ ತಲೆನೋವೂ ಇಲ್ಲ, ಅದರ ಪುಟ್ಟ ಲೆನ್ಸ್ ಜಾಲರಿಯ ಕಿಂಡಿಯಲ್ಲೇ ಕೂರುತ್ತದೆ. ಕರೆಂಟ್ ಹರಿಯುವ ಬೇಲಿಯಾದರೆ ಮಾತ್ರ ಹತ್ತಿರವೂ ಸುಳಿಯಬೇಡಿ.