ಕ್ಯಾನ್ಸರ್ ಟ್ರಯಲ್‌ನಲ್ಲಿ ಕೊಡುವ ಪ್ರಶ್ನಾವಳಿ: ತುಂಬುವುದು ಹೇಗೆ?

ಹೊಸ ಔಷಧಿಯಿಂದ ಗಡ್ಡೆ ಎಷ್ಟು ಕುಗ್ಗಿತು ಅಂತ ಸ್ಕ್ಯಾನ್ ಹೇಳುತ್ತದೆ. ಆದರೆ ರಾತ್ರಿ ನಿದ್ದೆ ಬಂತಾ, ಊಟ ಸೇರಿತಾ, ಎದ್ದು ಓಡಾಡುವಷ್ಟು ತ್ರಾಣ ಇತ್ತಾ? ಇದನ್ನು ರೋಗಿಯೇ ಹೇಳಬೇಕು. ಅದಕ್ಕೇ ಕ್ಲಿನಿಕಲ್ ಟ್ರಯಲ್‌ಗಳಲ್ಲಿ, ಅಂದರೆ ಹೊಸ ಚಿಕಿತ್ಸೆಯನ್ನು ರೋಗಿಗಳಿಗೆ ಕೊಟ್ಟು ಪರೀಕ್ಷಿಸುವ ಅಧ್ಯಯನಗಳಲ್ಲಿ, ಜೀವನ ಗುಣಮಟ್ಟದ ಪ್ರಶ್ನಾವಳಿ ಕೊಡುತ್ತಾರೆ. ಯುರೋಪಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇಒಆರ್‌ಟಿಸಿಯ ಕ್ಯೂಎಲ್‌ಕ್ಯೂ-ಸಿ30 (ಚಿಕ್ಕದಾಗಿ ಸಿ30) ಇವುಗಳಲ್ಲಿ ತುಂಬಾ ಬಳಕೆಯಲ್ಲಿರುವಂಥದ್ದು. 1993ರಲ್ಲಿ ಪ್ರಕಟವಾದ ಇದರಲ್ಲಿ 30 ಪ್ರಶ್ನೆಗಳಿವೆ.

ಮೊದಲನೆಯದಾಗಿ, ಡಾಕ್ಟರನ್ನು ನೋಡುವ ಮುಂಚೆಯೇ ತುಂಬಿಬಿಡಿ. ಸ್ಕ್ಯಾನ್ ರಿಪೋರ್ಟ್ ಕೇಳಿದ ಮೇಲೆ ಉತ್ತರಕ್ಕೂ ಆ ಸುದ್ದಿಯ ಬಣ್ಣ ಹತ್ತುತ್ತದೆ. ಚಿಕಿತ್ಸೆಗೆ ಮುಂಚೆ ಕೊಡುವ ಮೊದಲ ಫಾರಂ ಅಂತೂ ತಪ್ಪಲೇಬಾರದು. ಮುಂದಿನದನ್ನೆಲ್ಲ ಅದರ ಜೊತೆಗೇ ಹೋಲಿಸಿ ನೋಡುತ್ತಾರೆ.

ಆಮೇಲೆ ಅವಧಿ ಗಮನಿಸಿ. ಸಿ30ರ ಹೆಚ್ಚಿನ ಪ್ರಶ್ನೆಗಳು ಕೇಳುವುದು ಕಳೆದ ಒಂದು ವಾರದ ಬಗ್ಗೆ. ಹೋದ ತಿಂಗಳ ವಾಂತಿ ಇಲ್ಲಿ ಲೆಕ್ಕಕ್ಕಿಲ್ಲ. ಹಿಂದಿನ ಸಲ ಏನು ಬರೆದಿದ್ದೆ ಅಂತಲೂ ಹುಡುಕಬೇಡಿ.

ಬಹಳ ಜನ ಎಡವುವುದು ಅಂಕಿಗಳಲ್ಲಿ. ಮೊದಲ 28 ಪ್ರಶ್ನೆಗಳಿಗೆ 1ರಿಂದ 4ರವರೆಗೆ ಅಂಕಿ ಇರುತ್ತದೆ. 1 ಅಂದರೆ ತೊಂದರೆ ಇಲ್ಲವೇ ಇಲ್ಲ, 4 ಅಂದರೆ ತುಂಬಾ ಜಾಸ್ತಿ. ಕೊನೆಯ ಎರಡಕ್ಕೆ 1ರಿಂದ 7. ಇಲ್ಲಿ ದಿಕ್ಕೇ ಉಲ್ಟಾ: 1 ಅಂದರೆ ತೀರಾ ಕೆಟ್ಟದ್ದು, 7 ಅಂದರೆ ಅತ್ಯುತ್ತಮ. ಅದೇ ಓಟದಲ್ಲಿ ಗುರುತು ಹಾಕುತ್ತಾ ಹೋದರೆ ಚೆನ್ನಾಗಿರುವವರ ಉತ್ತರವೂ ಕೆಟ್ಟದಾಗಿ ದಾಖಲಾಗುತ್ತದೆ. ಆ ಎರಡರ ಹತ್ತಿರ ಬಂದಾಗ ಒಂದು ಕ್ಷಣ ನಿಲ್ಲಿ.

ಉತ್ತರ ನಿಮ್ಮದೇ ಆಗಿರಬೇಕು. ಕಣ್ಣು ಮಂಜಾಗಿದ್ದರೆ, ಕೈ ನಡುಗುತ್ತಿದ್ದರೆ ಬೇರೆಯವರು ಓದಿ, ನೀವು ಹೇಳಿದ ಅಂಕಿಗೆ ಗುರುತು ಹಾಕಬಹುದು. "ನಿಮಗೆ ಅಷ್ಟೇನೂ ನೋವಿರಲಿಲ್ಲ, ಅಲ್ವಾ?" ಅಂತ ಮನೆಯವರು ಹೇಳಿಕೊಡಬಾರದು. ಡಾಕ್ಟರಿಗೆ ಬೇಸರವಾದೀತು ಅಂತ ನೋವನ್ನು ಕಮ್ಮಿ ಮಾಡಿ ಹೇಳುವುದೂ ಬೇಡ. ಇದು ಪರೀಕ್ಷೆಯಲ್ಲ, ಸರಿ-ತಪ್ಪು ಉತ್ತರ ಅನ್ನೋದು ಇಲ್ಲಿಲ್ಲ.

ಮುಜುಗರ ಆಗುವ ಪ್ರಶ್ನೆ ಬಿಡುವ ಹಕ್ಕು ನಿಮಗಿದೆ. ಆದರೆ ಕಣ್ತಪ್ಪಿ ಬಿಟ್ಟು ಹೋಗದಿರಲಿ. ಕೊಡುವ ಮುಂಚೆ ಪುಟ ತಿರುಗಿಸಿ ನೋಡಿ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಮೈಗೆ ಆಗದ ದಿನದ ಫಾರಂ. ಸುಸ್ತಾದವರೆಲ್ಲ ಬಿಟ್ಟು, ಗಟ್ಟಿಯಾಗಿರುವವರು ಮಾತ್ರ ತುಂಬಿದರೆ ಔಷಧಿಯ ಅಡ್ಡಪರಿಣಾಮ ಇರುವುದಕ್ಕಿಂತ ಹಗುರವಾಗಿ ಕಾಣುತ್ತದೆ. ನಾಳೆ ಅದನ್ನು ತೆಗೆದುಕೊಳ್ಳುವವರಿಗೆ ಸಿಗುವುದು ಅರ್ಧ ಸತ್ಯ. ಕೂರಲು ಆಗದಿದ್ದರೆ ನರ್ಸ್‌ಗೆ ಹೇಳಿ. ಕೆಲವು ಟ್ರಯಲ್‌ಗಳಲ್ಲಿ ಫೋನಿನಲ್ಲೇ ಕೇಳಿ ಬರೆದುಕೊಳ್ಳುತ್ತಾರೆ. ಔಷಧಿ ನಿಲ್ಲಿಸಿದ ಮೇಲೂ ಫಾರಂ ಬಂದರೆ, ಆದಷ್ಟು ಮಟ್ಟಿಗೆ ತುಂಬಿ ಕೊಡಿ.

ಇನ್ನೊಂದು ಮಾತು. ಫಾರಂನಲ್ಲಿ ಬರೆದದ್ದನ್ನು ಡಾಕ್ಟರು ಅವತ್ತೇ ಓದುತ್ತಾರೆ ಅಂತೇನಿಲ್ಲ. ಎಷ್ಟೋ ಸಲ ಅದು ನೇರ ಅಧ್ಯಯನದ ಲೆಕ್ಕಕ್ಕೆ ಹೋಗುತ್ತದೆ. ಜ್ವರ, ಉಸಿರಾಟದ ತೊಂದರೆ, ತಡೆಯಲಾಗದ ನೋವು ಇದ್ದರೆ 4ಕ್ಕೆ ಗುರುತು ಹಾಕಿ ಸುಮ್ನೆ ಕೂರಬೇಡಿ. ತಕ್ಷಣ ಟ್ರಯಲ್ ತಂಡಕ್ಕೆ ಬಾಯಿಬಿಟ್ಟು ಹೇಳಿ.