ಸ್ವಂತ ಊರಿಗೆ ಪ್ರವಾಸಿಯಾಗಿ ಇಳಿದು: ಚಿಕ್ಕಮಗಳೂರು ಬೀದಿ ಫೋಟೋಗ್ರಫಿ, ನನ್ನ ಅನುಭವ

"ಪೇಟೇಲಿ ಫೋಟೋ ತೆಗೆಯೋಕೆ ಏನಿದೆ ಮಾರಾಯ, ಬೆಟ್ಟಕ್ಕೆ ನಡಿ" ಎನ್ನುತ್ತಿದ್ದ, ಸಲೂನ್ (ಫೋಟೋ ಪ್ರದರ್ಶನ) ಸ್ಪರ್ಧೆಯ ಗೆಳೆಯರೇ ಈಗ ನಮ್ಮ ಪೇಟೆಯ ಐ.ಜಿ. ರಸ್ತೆಯ ಚಿತ್ರ ನೋಡಿ "ಇದು ಯಾವೂರು?" ಅಂತ ಕೇಳುತ್ತಿದ್ದಾರೆ. ಆ ಧೈರ್ಯದ ಮೇಲೆ, ಸ್ವಂತ ಊರಿನ ಬೀದಿಯನ್ನು ಪ್ರವಾಸಿಯಂತೆ ನೋಡಿ ಫೋಟೋ ತೆಗೆಯುವ ವಿಧಾನ ಬರೆದಿಡುತ್ತಿದ್ದೇನೆ. ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ), ಶಟರ್ (ಬೆಳಕು ಒಳಬರುವ ಹೊತ್ತು), ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಪಾಠ ಇಲ್ಲಿಲ್ಲ, ಅದು ನಿಮಗೆ ಗೊತ್ತಿರುವುದೇ.

ಊರಿನವರಿಗೆ ಊರು ಕಾಣಿಸದೇ ಇರುವುದಕ್ಕೆ ಕಾರಣ ದೊಡ್ಡದೇನಲ್ಲ. ಕೆಲಸ ಇದ್ದಾಗ ಮಾತ್ರ ಪೇಟೆಗೆ ಹೋಗುತ್ತೇವೆ, ಸ್ಕೂಟರ್‌ನಲ್ಲೇ ಹೋಗುತ್ತೇವೆ, ಅದೇ ತಿರುವು, ಅದೇ ಅಂಗಡಿ, ವಾಪಸ್. "ಹೊಸ ಕಣ್ಣಿಂದ ನೋಡಿ" ಅನ್ನುವ ಉಪದೇಶ ನೂರು ಸಲ ಕೇಳಿದರೂ ಒಂದು ಫ್ರೇಮ್ ಹುಟ್ಟುವುದಿಲ್ಲ. ಪೇಟೆಗೆ ಹೊಗುವ ದಾರಿ, ಹೊತ್ತು, ಎದುರಿನವರಿಂದ ನಿಲ್ಲುವ ದೂರ ಇವಿಷ್ಟನ್ನು ಬದಲಿಸಿದರೆ ಸಾಕು.

ಮೊದಲು ದಾರಿ. ಸ್ಕೂಟರ್ ಮನೆಯಲ್ಲಿರಲಿ. ಕಡೂರು ಕಡೆಯಿಂದಲೋ ಬೇಲೂರು ಕಡೆಯಿಂದಲೋ ಬರುವ ಬಸ್ ಹತ್ತಿ ಬಸ್ ಸ್ಟ್ಯಾಂಡ್‌ನಲ್ಲಿ ಇಳಿಯಿರಿ. 2013ರಿಂದ ರೈಲೂ ಇದೆ. ಕಡೂರಿಗೆ ಹೋಗಿ ಅದರಲ್ಲಿ ವಾಪಸ್ ಬಂದರೆ ಊರು ಹಿಂಬಾಗಿಲಿನಿಂದ ಕಾಣುತ್ತದೆ. ಪ್ಲಾಟ್‌ಫಾರ್ಮ್‌ನಲ್ಲಿ ಮಾತ್ರ ಕ್ಯಾಮೆರಾ ಚೀಲದಲ್ಲೇ ಇರಲಿ, ಅಲ್ಲಿ ಅನುಮತಿ ಬೇಕು. ಇಳಿದ ಮೇಲೆ ಮೊದಲ ಕಾಲು ಗಂಟೆ ಒಂದೂ ಚಿತ್ರ ಬೇಡ. ಬೋರ್ಡುಗಳನ್ನೆಲ್ಲ ಓದಿ, ಲಾಡ್ಜ್ ಬಾಡಿಗೆ ವಿಚಾರಿಸಿ, ಗೊತ್ತಿರುವ ಜಾಗಕ್ಕೇ ದಾರಿ ಕೇಳಿ. "ಆಜಾದ್ ಪಾರ್ಕ್ ಯಾವ ಕಡೆ ಅಣ್ಣ?" ಅಂದರೆ ಅವರು ಹೇಳುವ ಗುರುತುಗಳು ನಮ್ಮ ಗುರುತುಗಳಾಗಿರುವುದಿಲ್ಲ: ಕೊಡೆ ರಿಪೇರಿಯವನು, ಮುಚ್ಚಿದ ಸ್ಟುಡಿಯೋ, ಎಲೆ-ಅಡಿಕೆ ಅಂಗಡಿ. ಆ ಗುರುತು ಹಿಡಿದು ನಡೆಯಿರಿ. ಮಾತಾಡಿಸಿದ ಮೇಲೆ ಕ್ಯಾಮೆರಾ ಎತ್ತಿದರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಈ ವಿಧಾನ ಕೆಡುವುದು ಪರಿಚಯದವರಿಂದ. "ಯಾವ ಪೇಪರ್‌ಗೆ ಸಾರ್?" ಅಂತ ಒಬ್ಬರು ಕೇಳಿದರೆ ಪಕ್ಕದ ಮೂರು ಜನ ಕೂದಲು ಬಾಚಿಕೊಂಡು ನಿಲ್ಲುತ್ತಾರೆ. ಅದಕ್ಕೇ ಮನೆಯಿಂದ ಅರ್ಧ ಕಿಲೋಮೀಟರ್‌ವರೆಗಿನ ಸುತ್ತಮುತ್ತಲ ಜಾಗವನ್ನು ನಕ್ಷೆಯಿಂದಲೇ ತೆಗೆದುಹಾಕಿ. ಉಳಿದ ಕಡೆ ಒಂದೇ ಮೂಲೆಯಲ್ಲಿ ಮುಕ್ಕಾಲು ಗಂಟೆ ನಿಲ್ಲಿ. ಮೊದಲ ಹತ್ತು ನಿಮಿಷ ಎಲ್ಲರೂ ನಿಮ್ಮನ್ನೇ ನೋಡುತ್ತಾರೆ, ಆಮೇಲೆ ಮರೆಯುತ್ತಾರೆ. ನಡೆಯುತ್ತಲೇ ಇದ್ದರೆ ಆ ಮೊದಲ ಹತ್ತು ನಿಮಿಷ ಎಲ್ಲಿ ಹೋದರೂ ಹೊಸದಾಗಿ ಶುರುವಾಗುತ್ತದೆ.

ಹೊತ್ತಿನ ಲೆಕ್ಕವನ್ನು ನಮ್ಮ ಕಡೆ ಯಾಕೋ ಯಾರೂ ಗಂಭೀರವಾಗಿ ಹಾಕುವುದಿಲ್ಲ. ನಮ್ಮೂರು ಸುಮಾರು 13.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ ನಡುವಿನಲ್ಲಿ ಮಟಮಟ ಮಧ್ಯಾಹ್ನವೂ ನೆರಳು ಆಳೆತ್ತರದ ಮುಕ್ಕಾಲು ಪಾಲು ಇರುತ್ತದೆ, ಉತ್ತರಕ್ಕೆ ಬೀಳುತ್ತದೆ. ದಕ್ಷಿಣಕ್ಕೆ ಮುಖ ಮಾಡಿದ ಅಂಗಡಿಗಳ ಒಳಗೆ ಬಿಸಿಲು ಹೊಗುತ್ತದೆ. ಹಾಗಾಗಿ "ಹನ್ನೊಂದಾದ ಮೇಲೆ ಕ್ಯಾಮೆರಾ ಮುಚ್ಚಿಡು" ಅನ್ನುವ ಮಾತು ಚಳಿಗಾಲದಲ್ಲಿ ಸುಳ್ಳು. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮೂರನೇ ವಾರ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ. ಚಿತ್ರದಲ್ಲಿ ಎಲ್ಲರ ಕಣ್ಣೂ ಕಪ್ಪು ಗುಳಿ. ಈ ಎರಡರ ನಡುವೆ ಮಧ್ಯಾಹ್ನದ ಸೂರ್ಯ ಉತ್ತರದ ಕಡೆ ವಾಲಿರುತ್ತಾನೆ. ಆಗ ಜಡಿಮಳೆ ಒಂದು ಗಳಿಗೆ ಬಿಟ್ಟರೆ ಉತ್ತರಕ್ಕೆ ಮುಖ ಮಾಡಿದ, ವರ್ಷದ ಉಳಿದ ದಿನ ಮಂಕಾಗಿರುವ ಅಂಗಡಿಗಳಿಗೆ ಬೆಳಕು ಬೀಳುತ್ತದೆ. ಆ ಅಂಗಡಿಗಳ ಪಟ್ಟಿ ನನ್ನ ಹತ್ತಿರ ಇದೆ, ಕೊಡುವುದಿಲ್ಲ. ಮೊಬೈಲ್‌ನ ದಿಕ್ಸೂಚಿ ಹಿಡಿದು ನೀವೇ ಮಾಡಿಕೊಳ್ಳಿ, ಒಂದು ಸಂಜೆಯ ಕೆಲಸ.

ಇನ್ನು ದೂರ, ಅದು ಕ್ಯಾಮೆರಾದ ವಿಷಯ. ನನ್ನದು ಸೆಕೆಂಡ್ ಹ್ಯಾಂಡ್ ರಿಕೋ ಜಿಆರ್-2, ಜೂಮ್ ಇಲ್ಲದ, ಜೇಬಿಗೆ ಹಿಡಿಯುವ ಕ್ಯಾಮೆರಾ, ಕೊಂಡದ್ದು ಮೂವತ್ತು ಸಾವಿರದ ಆಸುಪಾಸಿಗೆ. 18-140 ಜೂಮ್ ಲೆನ್ಸ್ ಇದ್ದ ಡಿಎಸ್‌ಎಲ್‌ಆರ್ ಮಾರಿದಾಗ "ಜೂಮ್ ಇಲ್ದೇ ಏನ್ ಮಾಡ್ತೀಯ" ಎಂದು ನಕ್ಕವರೇ ಹೆಚ್ಚು. ಸೆಟ್ಟಿಂಗ್ ಇಷ್ಟೇ: ಟಿಎವಿ ಮೋಡ್ (ಅಪರ್ಚರ್, ಶಟರ್ ನಾವು ಇಡುವುದು, ಐಎಸ್‌ಒ ಕ್ಯಾಮೆರಾ ಆರಿಸುವುದು), ಅಪರ್ಚರ್ ಎಫ್/8, ಶಟರ್ 1/500, ಐಎಸ್‌ಒ ಆಟೋ, ಮಿತಿ 3200. ಸ್ನ್ಯಾಪ್ ಫೋಕಸ್ (ಮೊದಲೇ ಇಟ್ಟ ದೂರಕ್ಕೆ ಫೋಕಸ್) 2 ಮೀಟರ್, ಫುಲ್ ಪ್ರೆಸ್ ಸ್ನ್ಯಾಪ್ (ಬಟನ್ ಒಮ್ಮೆಲೇ ಪೂರ್ತಿ ಒತ್ತಿದರೆ ಆ ದೂರಕ್ಕೇ ಕ್ಲಿಕ್) ಆನ್. ಒಂದು ಮೀಟರ್‌ನಿಂದ ರಸ್ತೆಯ ಆ ಬದಿಯವರೆಗೂ ಶಾರ್ಪ್. ಬಿಸಿಲಿಂದ ನೆರಳಿಗೆ ಹೆಚ್ಚುಕಮ್ಮಿ ಮೂರು ಸ್ಟಾಪ್ ಬೆಳಕು ಇಳಿಯುತ್ತದೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ), ಐಎಸ್‌ಒ 100ರಿಂದ 800ಕ್ಕೆ ತಾನೇ ಏರಿಕೊಳ್ಳುತ್ತದೆ. ಸಂಜೆ ಎಫ್/4ಕ್ಕೆ ಬಂದರೆ ಮಾತ್ರ ಹುಷಾರು: 1.5 ಮೀಟರ್‌ಗೆ ಇಟ್ಟರೆ 1.1ರಿಂದ 2.3 ಮೀಟರ್‌ವರೆಗೆ ಅಷ್ಟೇ ಶಾರ್ಪ್ ಸಿಗುವುದು. ದೂರದ ಅಂದಾಜು ಕಣ್ಣಿಗೆ ಕೂರಲು ಎರಡಡಿ ಟೈಲ್ಸ್ ಹಾಕಿದ ನೆಲದ ಮೇಲೆ ಅಭ್ಯಾಸ ಮಾಡಿ, ಮೂರೂಕಾಲು ಟೈಲ್ಸ್ ಅಂದರೆ ಎರಡು ಮೀಟರ್.

ಮಂಜು ಬಿದ್ದ ಬೆಳಿಗ್ಗೆ ಕ್ಯಾಮೆರಾದ ಬೆಳಕಿನ ಮೀಟರ್ ಮೋಸ ಮಾಡುತ್ತದೆ. ಬಿಳಿಯನ್ನು ಬೂದಿ ಬಣ್ಣಕ್ಕೆ ಇಳಿಸುತ್ತದೆ. ಎಕ್ಸ್‌ಪೋಶರ್ (ಬೆಳಕಿನ ಪ್ರಮಾಣ) ಪ್ಲಸ್ 0.7ರಿಂದ 1 ಕೊಡಿ. ಆ ಚಳಿಯಿಂದ ನೇರ ಹೋಟೆಲಿಗೆ ನುಗ್ಗಿ ದೋಸೆ ಕಾವಲಿಯ ಮುಂದೆ ಕ್ಯಾಮೆರಾ ತೆಗೆದರೆ ಲೆನ್ಸ್ ಮೇಲೆ ಹಬೆ. ಒರೆಸಬೇಡಿ, ಮತ್ತೆ ಕೂರುತ್ತದೆ. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ತಾನೇ ಹೋಗುತ್ತದೆ. ರಿಕೋದ ದೊಡ್ಡ ಕಾಯಿಲೆ ಧೂಳು: ಲೆನ್ಸ್ ಒಳಗೆ-ಹೊರಗೆ ಚಾಚುವಾಗ ಸೆನ್ಸರ್ (ಚಿತ್ರ ಹಿಡಿಯುವ ಚಿಪ್) ಮೇಲೆ ಕೂರುತ್ತದೆ, ಎಫ್/8ರಲ್ಲಿ ಮಂಜಿನ ಬಿಳಿ ಆಕಾಶದಲ್ಲಿ ಕಪ್ಪು ಚುಕ್ಕೆ. ಬಿಚ್ಚಿ ಸ್ವಚ್ಛ ಮಾಡಿಸಲು ನಾಲ್ಕೂವರೆ ಸಾವಿರ ಆದ ನೆನಪು. ಕ್ಯಾಮೆರಾ ಪ್ಯಾಂಟಿನ ಜೇಬಲ್ಲಿ ಹಾಗೇ ಇಡಬೇಡಿ, ಜಿಪ್ ಕವರ್‌ನಲ್ಲಿಡಿ.

ಅಂಗಡಿಯ ಎಲ್‌ಇಡಿ ಇನ್ನೊಂದು ತಲೆನೋವು. ನಮ್ಮ ಕರೆಂಟ್ 50 ಹರ್ಟ್ಸ್, ಅಗ್ಗದ ಬಲ್ಬು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಮಿರರ್‌ಲೆಸ್ ಕ್ಯಾಮೆರಾದ ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಚಿತ್ರದ ಮೇಲೆ ಪಟ್ಟಿ ಬೀಳುತ್ತದೆ. ರಿಕೋದ್ದು ಲೀಫ್ ಶಟರ್ (ಲೆನ್ಸಿನೊಳಗೇ ತೆರೆದು ಮುಚ್ಚುವಂಥದ್ದು), ಪಟ್ಟಿ ಇಲ್ಲ, ಆದರೆ ಒಂದು ಫ್ರೇಮ್ ಬೆಳ್ಳಗೆ, ಮುಂದಿನದು ಮಂಕು. ಒಳಗೆ ಹೋದ ಕೂಡಲೇ ಶಟರ್ 1/100ಕ್ಕೆ ಇಳಿಸಿ.

ಬುಧವಾರದ ಸಂತೆಯಲ್ಲಿ ನೀಲಿ ಟಾರ್ಪಾಲ್ ಕೆಳಗೆ ಮುಖಗಳೆಲ್ಲ ನೀಲಿ. ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಎಳೆದರೆ ಟೊಮೆಟೊ ಬಣ್ಣ ಕೆಡುತ್ತದೆ. ಕಪ್ಪು-ಬಿಳುಪು ಮಾಡಿ, ಇಲ್ಲವೇ ಟಾರ್ಪಾಲಿನ ಅಂಚಿನಲ್ಲಿ ನಿಂತವರನ್ನು ಮಾತ್ರ ತೆಗೆಯಿರಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟದ ಕಡೆಯ ಜನ ಸಾಮಾನು ಕೊಳ್ಳಲು ಇಳಿದಿರುತ್ತಾರೆ, ಸಂತೆಯ ಜೀವ ಅದು. ಆದರೆ ದಣಿದು ಬಂದವರ ಮುಖಕ್ಕೆ ಕ್ಯಾಮೆರಾ ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ. ಕೈ, ಚೀಲ, ಚೌಕಾಸಿ, ಅಷ್ಟು ಸಾಕು.

ಒಂದು ಅಡ್ಡ ಪ್ರಯೋಗ: ಬೆಂಗಳೂರಿಂದ ವಾರಾಂತ್ಯಕ್ಕೆ ಬಂದ ನೆಂಟರನ್ನು ಮುಂದೆ ಬಿಟ್ಟು ಹಿಂದೆ ನಡೆಯುವುದು. ಅವರು ಎಲ್ಲಿ ನಿಲ್ಲುತ್ತಾರೋ ಅದನ್ನು ಚೀಟಿಯಲ್ಲಿ ಬರೆದುಕೊಳ್ಳುವುದು, ಚಿತ್ರ ಬೇಡ. ಅವರು ನಿಂತದ್ದು ಸಾಲಾಗಿ ತೂಗುಬಿಟ್ಟ ಗಮ್‌ಬೂಟಿನ ಮುಂದೆ, ಕಾಳುಮೆಣಸು ತೂಗುವ ತಕ್ಕಡಿಯ ಮುಂದೆ, ಕಾಫಿಪುಡಿ ಅಂಗಡಿಯಲ್ಲಿ ಚಿಕೋರಿ ಎಷ್ಟು ಬೆರೆಸಲಿ ಅಂತ ಕೇಳುವ ಜಾಗದಲ್ಲಿ. ನಾವು ಇವನ್ನೆಲ್ಲ ದಾಟಿಕೊಂಡು ಹೋಗುವವರು. ಮಾರನೆಯ ವಾರ ಒಬ್ಬರೇ ಹೋಗಿ ಅದೇ ಜಾಗಗಳಲ್ಲಿ ನಿಲ್ಲಿ. ಕಾಫಿಪುಡಿ ಅಂಗಡಿಯೊಳಗೂ ಬೀದಿಗೂ ನಾಲ್ಕು ಸ್ಟಾಪ್ ಅಂತರ ಇರುತ್ತದೆ. ಒಳಗೆ ನಿಂತು ಬೀದಿಯ ಬೆಳಕಿಗೆ ಎಕ್ಸ್‌ಪೋಸ್ ಮಾಡಿದರೆ ಗಿರಾಕಿಯ ಆಕೃತಿ ಮಾತ್ರ ಉಳಿಯುತ್ತದೆ. ಫಿಲ್ಮ್ ಪ್ರಯೋಗವೂ ಆಯಿತು. ರೋಲು, ತೊಳೆಸುವುದು, ಸ್ಕ್ಯಾನ್, ಕೊರಿಯರ್ ಎಲ್ಲ ಸೇರಿ ಒಂದು ರೋಲಿಗೆ ಎರಡು ಸಾವಿರದ ಹತ್ತಿರ. ಬಿಟ್ಟೆ.

ದುಡ್ಡು ಹಾಕಬೇಕಾದ ಜಾಗ ಪ್ರಿಂಟು. 4×6 ಸೈಜಿಗೆ ಹತ್ತು ರೂಪಾಯಿ ಹಿಡಿಯಿರಿ. ಚಿತ್ರದಲ್ಲಿದ್ದವರಿಗೆ ಮುಂದಿನ ವಾರ ಕೊಟ್ಟುಬನ್ನಿ. ಇನ್ನೂರು ಪ್ರಿಂಟಿಗೆ ಎರಡು ಸಾವಿರ, ಅಷ್ಟರಲ್ಲಿ ಇಡೀ ಮಾರ್ಕೆಟ್ ರಸ್ತೆ ನಿಮ್ಮದು. ಮಕ್ಕಳ ಚಿತ್ರ ಮನೆಯವರನ್ನು ಕೇಳದೆ ಬೇಡವೇ ಬೇಡ. ಪ್ರಿಂಟ್ ಕೊಡುವಾಗ ಆಡುವ ಒಂದು ಮಾತಿದೆ, ಅದರಿಂದ ಅಂಗಡಿಯ ಹಿಂದಿನ ಕೋಣೆಯೂ ತೆರೆದುಕೊಳ್ಳುತ್ತದೆ. ಅದು ನನ್ನ ಹತ್ತಿರವೇ ಇರಲಿ.

ಮಳೆಗಾಲದಲ್ಲಿ ಕ್ಯಾಮೆರಾ ಇಡಲು ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿ, ತೇವಾಂಶ ಅಳೆಯುವ ಚಿಕ್ಕ ಹೈಗ್ರೋಮೀಟರ್, ತೇವ ಹೀರುವ ಸಿಲಿಕಾ ಜೆಲ್ ಸೇರಿ ಸಾವಿರದೊಳಗೆ ಆಗುತ್ತದೆ. ತೇವಾಂಶ ಶೇಕಡಾ 40ರಿಂದ 50ರ ನಡುವೆ ನಿಂತರೆ ಲೆನ್ಸಿಗೆ ಫಂಗಸ್ ಹಿಡಿಯುವುದಿಲ್ಲ. ನೀಲಿ ಜೆಲ್‌ನಲ್ಲಿ ವಿಷಕಾರಿ ಕೋಬಾಲ್ಟ್ ಇರುತ್ತದೆ, ಕಿತ್ತಳೆ ಬಣ್ಣದ್ದು ತನ್ನಿ. ಬಣ್ಣ ತಿರುಗಿದಾಗ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ಕೆಲಸಕ್ಕೆ ಬರುತ್ತದೆ, ಆ ಬಾಣಲೆ ಅಡುಗೆಯದ್ದಾಗಿರಬಾರದು.